ಎರಡು ಕಡೆ ಮಾತಾಡಿದ ಗಾಲಿ

ಹೆಣ್ಣು ನೋಡಲು ಹೋದವರು ಮನೆತನ ಕೇಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗಾಡಿ ಕೊಳ್ಳಲು ಹೋದವರೂ ಗಾಲಿಯ ಮನೆತನ ಕೇಳುವ ಕಾಲ ಬಂದೀತೆಂದು ಯಾರು ಕಂಡಿದ್ದರು? ಬಂತು. ಹೆದ್ದಾರಿಗೆ ಕಿವಿ ಮೂಡಿದ ಮೇಲೆ ಅದೂ ಬಂತು.

ಆದದ್ದಿಷ್ಟೇ. ಪ್ರತಿ ಟೈರಿನ ಒಳಗೆ ಅಂಗಿಗುಂಡಿಗಿಂತ ತುಸು ದೊಡ್ಡದಾದ ಸೆನ್ಸರ್ ಒಂದನ್ನು ಅಂಟಿಸಿರುತ್ತಾರೆ. ಅದಕ್ಕೊಂದು ನಂಬರು. ಒಳಗೆ ಗಾಳಿ ಎಷ್ಟಿದೆ, ಬಿಸಿ ಎಷ್ಟಿದೆ ಎಂದು ಅದು ರೇಡಿಯೋ ಅಲೆಯಲ್ಲಿ ಒದರುತ್ತಿರುತ್ತದೆ; ಓಡುವಾಗ ಮೇಲಿಂದ ಮೇಲೆ, ನಿಂತಾಗ ಆಗೊಮ್ಮೆ ಈಗೊಮ್ಮೆ. ಮೊದಲು ಅದನ್ನು ಕೇಳಿಸಿಕೊಳ್ಳುತ್ತಿದ್ದದ್ದು ಆಯಾ ಗಾಡಿ ಮಾತ್ರ. ಆಮೇಲೆ ಸರಕಾರದವರು ಹೆದ್ದಾರಿಯ ಉದ್ದಕ್ಕೂ ಕಂಬ ನೆಟ್ಟು ರಸ್ತೆಗೇ ಆ ಮಾತು ಕೇಳುವ ಹಾಗೆ ಮಾಡಿದರು. ಹೆದ್ದಾರಿ ಹತ್ತಿದ ಮೇಲೆ ಗಾಡಿಯೊಳಗಿನ ದೀಪವೂ ರಸ್ತೆ ಹೇಳಿದ್ದನ್ನೇ ತೋರಿಸತೊಡಗಿತು. ಗಾಳಿ ಇಳಿದ ಗಾಲಿ ಕಂಡರೆ ರಸ್ತೆಯೇ ಗಾಡಿಯ ವೇಗ ತಗ್ಗಿಸಿ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಟೈರು ಸಿಡಿದು ಸಾಯುವವರ ಸುದ್ದಿ ಪೇಪರಿನಿಂದಲೇ ಮಾಯವಾಯಿತು. ಒಳ್ಳೆಯದಾಯಿತು, ಯಾರೂ ಇಲ್ಲವೆನ್ನುವುದಿಲ್ಲ.

ಆದರೆ ರಸ್ತೆ ಬರೀ ಕೇಳಿ ಸುಮ್ಮನಾಗಲಿಲ್ಲ, ನೆನಪಿಡತೊಡಗಿತು. ವರ್ಷಗಟ್ಟಲೆ ಗಾಳಿ ಕಳೆಯದೆ, ಸುಳ್ಳು ಹೇಳದೆ ಓಡಿದ ನಂಬರಿಗೆ ‘ಹಿರಿಯ ಗಾಲಿ’ ಎಂಬ ಮರ್ಯಾದೆ ಸಿಕ್ಕಿತು. ನಾಲ್ಕೂ ಹಿರಿಯ ಗಾಲಿಗಳಿದ್ದ ಗಾಡಿಗೆ ಬಲಗಡೆಯ ವೇಗದ ಸಾಲು. ಒಂದೇ ಒಂದು ಹೊಸ ನಂಬರು ಸೇರಿತೋ, ಎಡಗಡೆಗೆ ಸರಿದು ಮೆಕ್ಕೆಜೋಳದ ಟ್ರ್ಯಾಕ್ಟರಿನ ಬಾಲ ಹಿಡಿದು ಹೋಗಬೇಕು. ಟೈರು ಸವೆಯದೆ ಇರುತ್ತದೆಯೇ, ಬದಲಿಸದೆ ಆಗುತ್ತದೆಯೇ? ಅದಕ್ಕೂ ಕಾನೂನು ದಾರಿ ಮಾಡಿತ್ತು. ಹಳೆಯ ಗಾಲಿಯ ನಂಬರನ್ನು ಹೊಸ ಗಾಲಿಗೆ ಬರೆದುಕೊಳ್ಳಬಹುದು. ಬರೆದ ಮೇಲೆ ಹಳೆಯ ಟೈರು ಬಿಚ್ಚಿ, ಸೆನ್ಸರ್ ತೆಗೆದು, ಸುತ್ತಿಗೆಯಿಂದ ಒಡೆದು ಹಾಕಬೇಕು. ಒಂದು ನಂಬರು ಒಂದೇ ಕಡೆ ಮಾತಾಡಬೇಕು, ಅಷ್ಟೇ ಕರಾರು.

ಬರೆಯುವುದಕ್ಕೆ ಟಿವಿ ರಿಮೋಟಿನ ಗಾತ್ರದ ಒಂದು ಮಷಿನ್ ಬಂದಿತ್ತು. ಹಳೆಯ ಗಾಲಿಗೆ ಹತ್ತಿರ ಹಿಡಿದರೆ ನಂಬರು ಹೀರಿಕೊಳ್ಳುತ್ತದೆ, ಹೊಸದಕ್ಕೆ ಹಿಡಿದರೆ ಬರೆಯುತ್ತದೆ. ಗದಗ–ಬೆಟಗೇರಿಯ ನೇಕಾರರ ಓಣಿಯಲ್ಲಿ ಓಣಿಗೆಲ್ಲ ಸೇರಿ ಶ್ಯಾವಿಗೆ ಮಷಿನ್ ಒಂದು, ಮದುವೆ ಅಡುಗೆಯ ದೊಡ್ಡ ಹಂಡೆ ಒಂದು, ಈಗ ಈ ಮಷಿನ್ ಒಂದು. ಯಾರ ಮನೆಯಲ್ಲಿ ಕೊನೆಗೆ ಇತ್ತೋ ಅವರ ಮನೆಯಲ್ಲೇ ಚಾರ್ಜಿಗೆ ಹಾಕಿರುತ್ತಿದ್ದರು. ಮಹಾನವಮಿಯ ಪೂಜೆಯಲ್ಲಿ ಅದಕ್ಕೂ ವಿಭೂತಿ ಹಚ್ಚಿ ಹೂವೇರಿಸುವಷ್ಟು ಅದು ಮನೆಯದಾಗಿತ್ತು. ಹೂವಿನ ನೀರು ಒಳಗಿಳಿದು ಒಂದು ವಾರ ಅದು ಮೌನವ್ರತ ಹಿಡಿದದ್ದೂ ಉಂಟು.

ದಾಕ್ಷಾಯಣಿ ಆ ಓಣಿಯ ಸೊಸೆ. ಕೆಲಸ ಮಾಡುತ್ತಿದ್ದದ್ದು ಮಾತ್ರ ರಸ್ತೆಯ ಕಿವಿಯಲ್ಲೇ. ಊರ ಹೊರಗೆ ಹೆದ್ದಾರಿಯ ನಿಯಂತ್ರಣ ಕೊಠಡಿಯಿತ್ತು. ಜನ ಅದನ್ನು ‘ಗಾಳಿಮನಿ’ ಎನ್ನುತ್ತಿದ್ದರು. ಗೋಡೆಯಗಲದ ಪರದೆಯ ಮೇಲೆ ಲಕ್ಷಾಂತರ ಹಸಿರು ಚುಕ್ಕಿಗಳು ಹರಿದಾಡುತ್ತಿದ್ದವು, ಒಂದು ಚುಕ್ಕಿಗೆ ಒಂದು ಗಾಲಿ. ಆ ಗಾಲಿ ಯಾರದೆಂದು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಜನ ಗಲಾಟೆ ಮಾಡಿ ಮಾಡಿಸಿಕೊಂಡ ಕಾನೂನು ಅದು: ರಸ್ತೆಗೆ ಗಾಲಿ ಗೊತ್ತಿರಲಿ, ಒಡೆಯ ಗೊತ್ತಾಗಬೇಕಿಲ್ಲ.

ಅವಳ ಗಂಡ ಶಿವಯೋಗಿ ವ್ಯಾನು ಓಡಿಸುತ್ತಿದ್ದ. ಕೊಪ್ಪಳದ ಕಡೆಯ ಹಳ್ಳಿಗಳ ಶಾಲೆಗಳಿಗೆ ಗದಗಿನ ಟೀಚರುಗಳನ್ನು ಮುಂಜಾನೆ ಕರೆದೊಯ್ದು ಸಂಜೆ ಕರೆತರುವುದು ಅವನ ಕೆಲಸ. ಅದು ಅಪ್ಪ ಚನ್ನವೀರಪ್ಪನಿಂದ ಬಂದ ವ್ಯಾನು, ಅಪ್ಪನಿಂದಲೇ ಬಂದ ನಂಬರುಗಳು. ಚನ್ನವೀರಪ್ಪ ಗಾಲಿಗಳನ್ನು ನೋಡಿಕೊಂಡಷ್ಟು ಮುತುವರ್ಜಿಯಿಂದ ಹೆಂಡತಿ ಬಸಲಿಂಗವ್ವನನ್ನು ನೋಡಿಕೊಂಡಿದ್ದರೆ ಆಕೆಗೆ ಮಂಡಿನೋವು ಬರುತ್ತಿರಲಿಲ್ಲ ಎಂದು ಓಣಿಯವರು ನಗುತ್ತಿದ್ದರು. ಅಂಗಡಿಯ ಗಾಳಿ ಅವನಿಗೆ ಆಗುತ್ತಿರಲಿಲ್ಲ. ಮನೆಯ ಮುಂದೆ ಕಾಲಲ್ಲಿ ಪಂಪು ತುಳಿದೇ ತುಂಬುತ್ತಿದ್ದ. ಅವನ ನಾಲ್ಕೂ ಗಾಲಿಗಳು ಹಿರಿಯ ಗಾಲಿಗಳಾದದ್ದು ಸುಮ್ಮನೆ ಅಲ್ಲ.

ಹೋದ ವರ್ಷ ಒಂದು ಮುಂಜಾನೆ ಚನ್ನವೀರಪ್ಪ ಏಳಲಿಲ್ಲ. ಅಷ್ಟೇ, ನಿದ್ದೆಯಲ್ಲೇ ಹೋದ. ಆಮೇಲೆ ಕೆಲವೇ ವಾರಕ್ಕೆ ವ್ಯಾನಿನ ಹಿಂದಿನ ಎಡಗಾಲಿ ಸವೆದು ಬದಲಿಸುವ ಹಾಗಾಯಿತು. ಶಿವಯೋಗಿ ಓಣಿಯ ಮಷಿನ್ ತಂದು ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ದಾಕ್ಷಾಯಣಿ ಒಳಗೆ ರೊಟ್ಟಿ ತಟ್ಟುತ್ತ ಬಾಗಿಲಲ್ಲಿ ಕಾಣುವಷ್ಟನ್ನು ನೋಡುತ್ತಿದ್ದಳು. ಮಷಿನ್ ಹಳೆಯ ಗಾಲಿಗೆ ಹಿಡಿದಾಗ ಒಮ್ಮೆ ಕೂಗಿತು, ಹೊಸದಕ್ಕೆ ಹಿಡಿದಾಗ ಇನ್ನೊಮ್ಮೆ ಕೂಗಿತು. ಕೊನೆಗೆ ಅದರ ಮುಖದ ಮೇಲೆ ‘ಹಳೆಯದನ್ನು ಒಡೆದಿರಾ?’ ಎಂಬ ಪ್ರಶ್ನೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಶಿವಯೋಗಿ ತಾಯಿಯ ಕಡೆ ನೋಡಿದ. ಬಸಲಿಂಗವ್ವ ಹೊಸ್ತಿಲ ಹತ್ತಿರ ಸೆರಗು ಬಾಯಿಗಿಟ್ಟು ಕೂತಿದ್ದಳು. ಅವನು ತಡೆದು ತಡೆದು ‘ಹೌದು’ ಒತ್ತಿದ.

ಹಳೆಯ ಗಾಲಿಯನ್ನು ಗುಜರಿಗೆ ಹಾಕುವುದು ಬೇಡವೆಂದು ಬಸಲಿಂಗವ್ವ ಹಟ ಹಿಡಿದಳು. ದೇವರ ಕೋಣೆಯ ಮೂಲೆಯಲ್ಲಿ ಮಣೆಯ ಮೇಲೆ ಅದನ್ನು ಮಲಗಿಸಿ, ನಡುವಿನ ಕುಳಿಯಲ್ಲಿ ಮುಂಜಾನೆ ಸಂಜೆ ಎಣ್ಣೆ ದೀಪ ಇಡತೊಡಗಿದಳು. ಅದರಲ್ಲೇನೂ ವಿಶೇಷವಿರಲಿಲ್ಲ. ಮಗ್ಗಕ್ಕೆ ಪೂಜೆ ಮಾಡುವ ಓಣಿ ಅದು. ಸತ್ತ ಹಿರಿಯರ ಲಾಳಿ, ಕತ್ತರಿಗಳೂ ಮನೆಮನೆಯ ಜಗುಲಿಯ ಮೇಲಿದ್ದವು. ಹೆಚ್ಚಿನ ಮನೆಗಳಲ್ಲಿ ಹಳೆಯ ಗಾಲಿಯೂ ಸೇರಿಕೊಂಡಿತ್ತು, ಸೆನ್ಸರ್ ಒಡೆದದ್ದು.

ಗಾಳಿಮನೆಯಲ್ಲಿ ಮಧ್ಯಾಹ್ನದ ಹೊತ್ತು ಕೆಲಸ ಕಡಿಮೆ. ಉಳಿದವರು ಹರಟುವಾಗ ದಾಕ್ಷಾಯಣಿಗೆ ಬೂದು ಚುಕ್ಕಿಗಳನ್ನು ನೋಡುವ ಚಟ. ರಸ್ತೆ ನಂಬದೆ ತಳ್ಳಿಹಾಕಿದ ಮಾತುಗಳು ಪರದೆಯ ಮೂಲೆಯಲ್ಲಿ ಬೂದು ಬಣ್ಣದಲ್ಲಿ ಮಿನುಗಿ ಆರುತ್ತಿದ್ದವು. ಅವಕ್ಕೆ ‘ಗದ್ದಲ’ ಎನ್ನುತ್ತಿದ್ದರು. ಒಂದೇ ನಂಬರಿನಿಂದ ಒಂದಕ್ಕೊಂದು ಹೊಂದದ ಎರಡು ಮಾತು ಬಂದರೆ, ಆ ನಂಬರಿನ ಹಳೆಯ ನಡತೆಗೆ ಯಾವುದು ಹತ್ತಿರವೋ ಅದನ್ನು ನಂಬು, ಇನ್ನೊಂದನ್ನು ಗದ್ದಲವೆಂದು ತಳ್ಳು. ಪ್ರೋಗ್ರಾಮಿನ ನಿಯಮ ಇದು. ಬರೆದವರು ತಿಳಿದವರೇ. ಗಾಲಿಯೊಂದು ಎರಡು ಕಡೆ ಇರುವುದು ಹೇಗೆ ಸಾಧ್ಯ, ಎರಡನೆಯದು ಕಂಬಗಳ ತಪ್ಪೇ ಇರಬೇಕು ಎಂದು ಲೆಕ್ಕ ಹಾಕಿದ್ದರು. ಬೆಟಗೇರಿಯ ಓಣಿಗಳನ್ನು ಅವರು ನೋಡಿರಲಿಲ್ಲ.

ಹೀಗೆ ನೋಡುತ್ತಿದ್ದಾಗ ಒಮ್ಮೆ ಪಕ್ಕದ ಹಸಿರು ಚುಕ್ಕಿಗಳಲ್ಲೂ ಒಂದು ನಂಬರು ಅವಳ ಕಣ್ಣಿಗೆ ಬಿತ್ತು. ಬೆಟಗೇರಿಯ ಯಾವುದೋ ಮೂಲೆಯಲ್ಲಿ ಅಲುಗದೆ ನಿಂತಿದೆ, ಅದೇ ಹೊತ್ತಿಗೆ ಹೆದ್ದಾರಿಯ ಮೇಲೂ ಓಡುತ್ತಿದೆ. ಎರಡರ ಗಾಳಿಯೂ ಹೆಚ್ಚುಕಡಿಮೆ ಒಂದೇ ಇದ್ದದ್ದರಿಂದ ರಸ್ತೆಗೆ ತಕರಾರಿಲ್ಲ. ನಿಂತ ಗಾಲಿಯ ಬಿಸಿ ಮುಂಜಾನೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ತುಸು ಏರಿ ಇಳಿಯುತ್ತಿತ್ತು. ಯಾರೋ ಜೀವಂತ ಸೆನ್ಸರಿಗೆ ಪೂಜೆ ಮಾಡುತ್ತಿದ್ದಾರೆಂದು ಅವಳಿಗೆ ನಗು ಬಂತು. ಪಾಳಿಯ ಮೇಲ್ವಿಚಾರಕ ನದಾಫ ಸಾಹೇಬರಿಗೆ ತೋರಿಸಿದಳು. ಮಗ್ಗಕ್ಕೆ ಮಾಡುವವರು ಗಾಲಿಗೆ ಮಾಡಿದರೆ ತಪ್ಪೇನು ಎಂದು ಅವರು ಚಹಾ ಹೀರಿದರು. ಯಾವ ಮನೆಯೆಂದು ಹುಡುಕುವ ಹಕ್ಕು ತಮಗಿಲ್ಲ, ಹುಡುಕುವ ಮನಸ್ಸೂ ಇಲ್ಲ ಎಂದರು.

ಅವಳಿಗೆ ತನ್ನ ಮನೆಯ ನೆನಪಾಗಲಿಲ್ಲವೇ? ಆಯಿತು. ಆ ದಿನ ಸಂಜೆಯೇ ಗಂಡನನ್ನು ಕೇಳಿದಳು. ಒಡೆದಿದ್ದೇನೆಂದು ಅವನು ತಟ್ಟೆ ನೋಡುತ್ತ ಹೇಳಿದ. ತಟ್ಟೆ ನೋಡುತ್ತ ಹೇಳಿದ ಗಂಡನ ಮಾತನ್ನು ನಂಬುವ ಹೆಂಡತಿ ಇಡೀ ಗದಗಿನಲ್ಲಿ ಬಹುಶಃ ಅವಳೊಬ್ಬಳೇ. ನಂಬಿದಳು, ಮರೆತಳು.

ಚನ್ನವೀರಪ್ಪ ಹೋಗಿ ವರ್ಷ ತುಂಬಿದ ದಿನ ಬಂತು. ಸಂಜೆ ಜಂಗಮರನ್ನು ಕರೆದು ಪ್ರಸಾದ ಇಟ್ಟುಕೊಂಡಿದ್ದರು. ದಾಕ್ಷಾಯಣಿಗೆ ರಜೆ ಸಿಗಲಿಲ್ಲ, ದೀಪ ಹಚ್ಚುವ ಹೊತ್ತು ಕಳೆದು ಪಾಳಿ ಮುಗಿಯುತ್ತಿತ್ತು. ಸೂರ್ಯ ಇಳಿಯುವಾಗ ಅತ್ತೆಯ ಫೋನ್ ಬಂತು. ಹೋಳಿಗೆ ಆಗಿದೆಯೆಂದಳು, ಪಕ್ಕದ ಮನೆಯ ಸಾಕ್ರೆವ್ವ ಬಂದು ಕಟ್ಟಿನ ಸಾರು ಮಾಡಿಕೊಟ್ಟಳೆಂದಳು, ಶಿವಯೋಗಿ ಇನ್ನೂ ಬಂದಿಲ್ಲವೆಂದಳು. ಇವತ್ತು ಗಾಲಿಗೆ ಒಂದಲ್ಲ ಐದು ದೀಪ ಇಟ್ಟಿದ್ದೇನೆ, ಧೂಪವನ್ನೂ ಹಾಕಿದ್ದೇನೆ ಎಂದು ತುಸು ಹೆಮ್ಮೆಯಿಂದಲೇ ಹೇಳಿದಳು.

ಸೊಸೆ ಹೂಂ ಎನ್ನುತ್ತ ಪರದೆ ನೋಡುತ್ತಿದ್ದಳು. ಬೆಟಗೇರಿಯ ಆ ನಿಂತ ಗಾಲಿಯ ಬಿಸಿ ಏರುತ್ತಿತ್ತು. ದಿನದ ಹಾಗೆ ತುಸುವಲ್ಲ. ಏರಿತು, ಇನ್ನೂ ಏರಿತು, ವರ್ಷದಲ್ಲಿ ಎಂದೂ ಏರದಷ್ಟು ಏರಿತು.

ಐದು ದೀಪ! ಅದು ತಮ್ಮ ಮನೆಯದೇ ಗಾಲಿ. ಅತ್ತೆಗೆ ಆಮೇಲೆ ಮಾತಾಡುತ್ತೇನೆಂದು ಹೇಳಿ ಫೋನ್ ಇಟ್ಟು, ಅದೇ ನಂಬರಿನ ಇನ್ನೊಂದು ಮಾತನ್ನು ಹುಡುಕಿದಳು. ಬನ್ನಿಕೊಪ್ಪ ದಾಟಿ ಗದಗಿನ ಕಡೆ ಬರುತ್ತಿತ್ತು, ಬಲಗಡೆಯ ವೇಗದ ಸಾಲಿನಲ್ಲಿ. ಚುಕ್ಕಿ ಬೂದು ಬಣ್ಣದ್ದಾಗಿತ್ತು. ಮೂವತ್ತೈದು ಪೌಂಡ್ ಗಾಳಿ ಇರಬೇಕಾದಲ್ಲಿ ಇಪ್ಪತ್ನಾಲ್ಕು ಉಳಿದಿತ್ತು, ನೋಡುತ್ತಿರುವಾಗಲೇ ಇಪ್ಪತ್ಮೂರಾಯಿತು. ಗಾಳಿ ಕಡಿಮೆಯಾದ ಟೈರು ಹೆಚ್ಚು ಮಣಿಯುತ್ತದೆ, ಮಣಿದಷ್ಟೂ ಕಾಯುತ್ತದೆ, ಕಾದಷ್ಟೂ ಹರಿಯುವುದಕ್ಕೆ ಹತ್ತಿರವಾಗುತ್ತದೆ. ಆ ಗಾಲಿ ನಿಗಿನಿಗಿ ಕಾಯುತ್ತಿತ್ತು, ಅದನ್ನು ಒದರಿ ಒದರಿ ಹೇಳುತ್ತಲೂ ಇತ್ತು. ರಸ್ತೆ ಅದನ್ನು ಗದ್ದಲವೆಂದು ತಳ್ಳಿ, ಬೆಟಗೇರಿಯಲ್ಲಿ ದೀಪ ಹೊತ್ತು ಮಲಗಿದ ಗಾಲಿಯ ಮಾತು ನಂಬಿ, ಶಿವಯೋಗಿಯ ಕಣ್ಣ ಮುಂದೆ ಹಸಿರು ದೀಪ ಉರಿಸುತ್ತಿತ್ತು. ಗಾಡಿಯೊಳಗೆ ಅವನಿದ್ದ, ಟೀಚರುಗಳಿದ್ದರು. ಮನೆದೀಪವೆಂದು ಮುತ್ತಿಟ್ಟರೆ ಮೀಸೆ ಸುಡುತ್ತದೆ ಎನ್ನುವುದು ಇದಕ್ಕೇ.

ಅವಳು ಕೂಗಿದ್ದಕ್ಕೆ ನದಾಫ ಸಾಹೇಬರು ಓಡಿ ಬಂದರು. ಅವರು ವೇಗ ತಗ್ಗಿಸುವ ಆಜ್ಞೆ ಕೊಟ್ಟರೆ ಪ್ರೋಗ್ರಾಮು ಒಪ್ಪಲಿಲ್ಲ. ಹಿರಿಯ ಗಾಲಿಯ ಮಾತಿಗೆ ಎದುರು ಹೇಳಬೇಕಾದರೆ ಮೇಲಿನ ಕಚೇರಿಯ ಅನುಮತಿ ಬೇಕು. ಅವರು ಅರ್ಜಿ ಕಳಿಸಿದರು, ಪರಿಶೀಲಿಸುತ್ತಿದ್ದೇವೆ ಎಂಬ ಉತ್ತರ ಕೂಡಲೇ ಬಂತು, ಮತ್ತೇನೂ ಬರಲಿಲ್ಲ. ವೇಗದ ಸಾಲಿನಲ್ಲಿ ಡ್ರೈವರನ ಫೋನ್ ಹತ್ತುವುದಿಲ್ಲ, ಅದೂ ಸುರಕ್ಷತೆಗೇ ಮಾಡಿದ ನಿಯಮ. ಟೀಚರುಗಳ ನಂಬರು ಒಂದೂ ಅವಳ ಬಳಿ ಇರಲಿಲ್ಲ.

“ರಸ್ತಾ ಯಾರ ಮಾತು ಕೇಳಾಕತ್ತೈತಿ?” ಎಂದು ನದಾಫ ಸಾಹೇಬರು ಕೇಳಿದರು.

“ನಮ್ಮ ಮನ್ಯಾಗಿನ ಗಾಲಿದು, ಸರ್.”

“ಹಂಗಾದ್ರ ಅದರ ಬಾಯಿ ಮುಚ್ಚಸ್ರಿ.”

ಅವಳಿಗೆ ಹೊಳೆಯಿತು. ಮನೆಯ ಗಾಲಿಯ ಗಾಳಿ ಬಿಟ್ಟರೆ, ಅದು ವ್ಯಾನಿನ ಗಾಲಿಗಿಂತ ಕೆಳಗಿಳಿದರೆ, ಹಳೆಯ ನಡತೆಗೆ ಹತ್ತಿರದ ಮಾತು ವ್ಯಾನಿನದೇ ಆಗುತ್ತದೆ. ರಸ್ತೆ ಆಗ ಅದನ್ನು ನಂಬಲೇಬೇಕು. ಮನೆಗೆ ಫೋನ್ ಮಾಡಿದಳು. ಒಳಗೆ ಮಂದಿಯ ಸದ್ದು, ಪಾತ್ರೆಯ ಸದ್ದು.

“ಅತ್ತಿ, ಆ ಗಾಲೀದು ಗಾಳಿ ಬಿಡ್ರಿ. ಈಗಿಂದೀಗ.”

ದಾಕ್ಷಾಯಣಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸೆನ್ಸರ್ ಒಡೆದಿಲ್ಲ, ನಿಮ್ಮ ಮಗನ ಗಾಡಿಯ ಗಾಳಿ ಇಳಿಯುತ್ತಿದೆ, ಈ ಗಾಲಿ ಎಲ್ಲ ಸರಿಯಿದೆ ಎನ್ನುತ್ತಿರುವುದರಿಂದ ರಸ್ತೆಗೆ ಅದು ಕೇಳಿಸುತ್ತಿಲ್ಲ. ಬಸಲಿಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು.

“ಅದು ಅವರು ತುಂಬಿದ ಗಾಳಿ, ದಾಕ್ಷಾಯಣಿ,” ಎಂದಳು. ಧ್ವನಿ ಸಣ್ಣದಾಗಿತ್ತು. “ಹೋಗೂ ಹಿಂದಿನ ದಿನ ಪಂಪ್ ತುಳದು ತುಂಬಿದ್ರು. ನಾ ಹೊಸ್ತಲದಾಗ ಕುಂತು ನೋಡ್ಕೋತ ಇದ್ದೆ. ಸೆನ್ಸರ್ ತಗೀಬೇಕಂದ್ರ ಗಾಳಿ ಬಿಡಬೇಕು ಅಂದ ಶಿವಯೋಗಿ. ನಾನ ಬ್ಯಾಡ ಅಂದೆ. ನೀ ನಗತೀ ಅಂತ ನಿನಗ ಹೇಳಲಿಲ್ಲ.”

ದಾಕ್ಷಾಯಣಿಗೆ ನಗು ಬರಲಿಲ್ಲ. ಗಂಡನ ಸುಳ್ಳಿಗೆ ಬರಬೇಕಾದ ಸಿಟ್ಟೂ ಬರಲಿಲ್ಲ. ತಾಯಿ ಕೇಳಿದಾಗ ಇಲ್ಲವೆನ್ನದೆ, ವೇಗದ ಸಾಲನ್ನೂ ಬಿಡಲಾರದೆ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಒಂದು ಗುಂಡಿ ಒತ್ತಿದ್ದ ಪಾಪದವನು. ಪರದೆಯ ಮೇಲೆ ಇಪ್ಪತ್ತೊಂದಾಗಿತ್ತು.

“ಅತ್ತಿ, ಗಾಡ್ಯಾಗ ನಿಮ್ಮ ಮಗ ಅದಾರ್ರಿ,” ಎಂದಳು.

ಬಸಲಿಂಗವ್ವ ಕೇಳಿದಳು:

“ಪಿನ್ನು ಎಲ್ಲಿ ಒತ್ತಬೇಕು?”

ಗಾಳಿ ತುಂಬುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆಯಲು ದಾಕ್ಷಾಯಣಿ ಹೇಳಿದಳು, ಒಳಗೆ ಸಣ್ಣ ಮೊಳೆ ಕಾಣುತ್ತದೆ, ಅದನ್ನು ಒತ್ತಿ ಹಿಡಿಯಲು ಹೇಳಿದಳು. ಸೆರಗಿನ ಪಿನ್ನು ತೆಗೆದದ್ದು, ಫೋನನ್ನು ನೆಲದ ಮೇಲಿಟ್ಟದ್ದು ಕೇಳಿಸಿತು. ದೀಪಗಳನ್ನು ಒಂದೊಂದಾಗಿ ಬದಿಗಿಟ್ಟ ಸದ್ದೂ ಕೇಳಿಸಿತು. ಆಮೇಲೆ ಸುಸ್ ಎಂದು ಗಾಳಿ ಹೊರಟಿತು.

ನದಾಫ ಸಾಹೇಬರು ಬಾಯಲ್ಲಿ ಏನೋ ದುವಾ ಹೇಳಿಕೊಳ್ಳುತ್ತ ನಿಂತಿದ್ದರು. ಬೆಟಗೇರಿಯ ಚುಕ್ಕಿಯ ಅಂಕಿ ಇಳಿಯತೊಡಗಿತು. ನಿಂತ ಗಾಲಿ ಅಪರೂಪಕ್ಕೆ ಮಾತಾಡುವುದಾದರೂ ಒಳಗಿನ ಗಾಳಿ ಒಮ್ಮೆಲೇ ಇಳಿದರೆ ಎಚ್ಚರಗೊಂಡು ಒದರುತ್ತದೆ. ಸೆನ್ಸರಿನ ಗುಣವೇ ಅದು. ಮೂವತ್ತು. ಇಪ್ಪತ್ತಾರು. ವ್ಯಾನು ಹಳ್ಳಿಗುಡಿ ದಾಟಿತು. ಮನೆಯ ಗಾಲಿ ಇಪ್ಪತ್ತಕ್ಕೆ ಬಂತು, ವ್ಯಾನಿನದೂ ಇಪ್ಪತ್ತೇ. ಮನೆಯದು ಹತ್ತೊಂಬತ್ತಾಯಿತು. ರಸ್ತೆ ಅರೆಕ್ಷಣ ಯೋಚಿಸಿತು.

ಹೆದ್ದಾರಿಯ ಮೇಲಿನ ಬೂದು ಚುಕ್ಕಿ ಕೆಂಪಾಯಿತು. ಎಡಕ್ಕೆ ವಾಲಿತು, ನಿಧಾನವಾಯಿತು, ಲಕ್ಕುಂಡಿಯ ಈಚೆ ರಸ್ತೆಯ ಅಂಚಿಗೆ ಬಂದು ನಿಂತಿತು. ನದಾಫ ಸಾಹೇಬರು ದಾಕ್ಷಾಯಣಿಯ ಮುಂದೆ ನೀರಿನ ಲೋಟ ಇಟ್ಟು ಆ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಂಡರು.

ಫೋನಿನಲ್ಲಿ ಗಾಳಿ ಇನ್ನೂ ಹೋಗುತ್ತಲೇ ಇತ್ತು. ಅರ್ಧದಷ್ಟು ಉಳಿದಿರಬೇಕು.

“ಅತ್ತಿ, ಸಾಕ್ರಿ. ಗಾಡಿ ನಿಂತೈತಿ. ಪಿನ್ನು ತಗೀರಿ, ಉಳದದ್ದು ಇರಲಿ.”

“ಕೇಳಿಸ್ತವಾ,” ಎಂದಳು ಬಸಲಿಂಗವ್ವ. ಸುಸ್ ಎನ್ನುವುದು ನಿಲ್ಲಲಿಲ್ಲ. “ಹೋಗಲಿ ಬಿಡು. ಅರ್ಧಾ ಹಿಡಕೊಂಡು ಕುಂತ್ರ ಇನ್ನೊಂದಿನ ನಿನ್ನ ಕೈಲೆ ಇದ ಮಾತು ಹೇಳಿಸ್ಕೊಳ್ಳೂದು ಬರತೈತಿ. ಅವರಿಗೂ ಸೇರೂದಿಲ್ಲ ಅದು.”

ಪೂರ್ತಿ ಹೋಗುವವರೆಗೆ ಅವಳು ಪಿನ್ನು ಒತ್ತಿಯೇ ಹಿಡಿದಿದ್ದಳು. ಗಾಳಿ ಮುಖಕ್ಕೆ ಬಂತೇನ್ರಿ ಎಂದು ದಾಕ್ಷಾಯಣಿ ಆಮೇಲೆ ಒಮ್ಮೆ ಕೇಳಿದಾಗ, ಬಂತು, ರಬ್ಬರಿನ ವಾಸನೆ ಇತ್ತು, ಅವರ ಅಂಗಿಯಲ್ಲೂ ಅದೇ ವಾಸನೆ ಇರುತ್ತಿತ್ತು ಎಂದು ಅತ್ತೆ ಹೇಳಿದಳು.

ಶಿವಯೋಗಿ ಸ್ಟೆಪ್ನಿ ಹಾಕಿಕೊಂಡು, ಟೀಚರುಗಳನ್ನು ಅವರವರ ಮನೆಗೆ ಮುಟ್ಟಿಸಿ ಬಂದ. ಟೈರಿಗೆ ಹೊಕ್ಕಿದ್ದ ಬೋಲ್ಟಿನ ತುಂಡು ಅವನ ಅಂಗಿಯ ಜೇಬಿನಲ್ಲಿತ್ತು. ಚಪ್ಪಟೆಯಾದ ಗಾಲಿಯನ್ನು ನೋಡಿದ, ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡುವ ಧೈರ್ಯ ಮಾಡಲಿಲ್ಲ. ಜಂಗಮರ ಪ್ರಸಾದ ಮುಗಿದು ಮಂದಿ ಹೋದ ಮೇಲೆ ಅಪ್ಪನ ಪಂಪು ಹುಡುಕಿ ತಂದ. ಮತ್ತೆ ತುಂಬಿ ಇಡುತ್ತೇನೆ, ಅಪ್ಪ ತುಳಿದ ಹಾಗೆಯೇ ತುಳಿಯುತ್ತೇನೆ ಎಂದ.

“ಬ್ಯಾಡೋ,” ಎಂದಳು ಬಸಲಿಂಗವ್ವ. “ನಿನ್ನ ಗಾಳಿ ನಿನ್ನ ಗಾಡಿಗಿರಲಿ. ಹೋಗಿ ಸುತ್ತಿಗಿ ತಗೊಂಬಾ.”

ಟೈರು ಬಿಚ್ಚಿ ಸೆನ್ಸರ್ ಒಡೆದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅಪ್ಪನ ನಂಬರು ಉಳಿಯುತ್ತಿತ್ತು, ವೇಗದ ಸಾಲೂ ಉಳಿಯುತ್ತಿತ್ತು. ದಾಕ್ಷಾಯಣಿ ಅದನ್ನೇ ಹೇಳಿದಳು. ಮರುದಿನ ಶಿವಯೋಗಿ ಬಹಳ ಹೊತ್ತು ಓಣಿಯ ಮಷಿನ್ ಕೈಯಲ್ಲಿ ಹಿಡಿದು ಕೂತ. ಕೊನೆಗೆ ರಿಪೇರಿ ಮಾಡಿಸಿ ತಂದ ವ್ಯಾನಿನ ಗಾಲಿಗೆ ಅದನ್ನು ಹಿಡಿದು, ‘ಹೊಸ ನಂಬರು’ ಎಂಬುದನ್ನು ಒತ್ತಿದ. ಅಪ್ಪನ ಹೆಸರು ಹೇಳಿಕೊಂಡು ಓಡುವುದು ಒಂದು ವರ್ಷಕ್ಕೆ ಸಾಕಾಯಿತು ಎಂದ. ಟೀಚರುಗಳಿಗೆ ಮುಂಜಾನೆ ಇನ್ನೂ ಬೇಗ ಸಿದ್ಧವಾಗಬೇಕೆಂದು ಹೇಳಿ ಬೈಸಿಕೊಂಡ. ಒಬ್ಬರು ಬೇರೆ ಗಾಡಿ ನೋಡಿಕೊಂಡರು, ಉಳಿದವರು ಟ್ರ್ಯಾಕ್ಟರುಗಳ ಹಿಂದೆ ನಿದ್ದೆ ಮಾಡುತ್ತ ಹೋಗುವುದನ್ನು ಕಲಿತರು. ನದಾಫ ಸಾಹೇಬರ ಅರ್ಜಿ ತಿರಸ್ಕೃತವಾಗಿದೆ ಎಂಬ ಉತ್ತರ ಮುಂದಿನ ವಾರ ಬಂತು.

ಗಾಳಿಮನೆಯಲ್ಲಿ ಮುಂಜಾನೆಯ ಪಾಳಿ ಇದ್ದ ದಿನ ದಾಕ್ಷಾಯಣಿ ರೂಢಿಯಂತೆ ಬೆಟಗೇರಿಯ ಆ ಮೂಲೆ ನೋಡಿದಳು. ನಿಂತ ಗಾಲಿಯ ಚುಕ್ಕಿ ಇರಲಿಲ್ಲ. ಅಲ್ಲೇ ಪಕ್ಕದಲ್ಲಿ, ಯಾವ ಮರ್ಯಾದೆಯೂ ಇಲ್ಲದ ವ್ಯಾನಿನ ಹೊಚ್ಚ ಹೊಸ ನಂಬರು ಮನೆಯ ಮುಂದೆ ಹೊರಡಲು ಕಾಯುತ್ತ ನಿಂತಿತ್ತು. ಅದರ ಬಿಸಿ ತುಸು ಏರಿತು. ಸ್ವಲ್ಪ ಹೊತ್ತು ಹಾಗೇ ಇದ್ದು ಇಳಿಯಿತು. ಆಮೇಲೆ ಚುಕ್ಕಿ ಅಲುಗಿ, ಓಣಿ ದಾಟಿ, ಹೆದ್ದಾರಿಯ ಎಡಗಡೆಯ ಸಾಲು ಸೇರಿಕೊಂಡಿತು.

ನದಾಫ ಸಾಹೇಬರು ಏನು ನೋಡುತ್ತಿದ್ದೀರಿ ಎಂದು ಕೇಳಿದರು. ನಮ್ಮ ಅತ್ತೆ ದೀಪ ಹಚ್ಚಿದರು ಎಂದಳು ಅವಳು.